ಮೀನಿಗೊಂದು ಹಿನ್ನೆಲೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ಇಂದು ದೊಡ್ಡ ನಗರಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಮಲೆನಾಡಿನ ಪೇಟೆಗಳಲ್ಲಿಯೂ, ಬಸರೀಕಟ್ಟೆಯಂಥ ಊರುಗಳ ತೋಟದ ಮನೆಗಳಲ್ಲಿಯೂ ಅದು ಜಗಲಿಯನ್ನೋ ನಡುಮನೆಯನ್ನೋ ಅಲಂಕರಿಸಿರುವುದನ್ನು ಕಾಣಬಹುದು. ತೊಟ್ಟಿ ಕೊಳ್ಳಲು ಹೋದವರು ಮೊದಲು ಮೀನನ್ನು ಆರಿಸುತ್ತಾರೆ. ಆಮೇಲೆ ಮರಳು, ಗಾಳಿಯ ಗುಳ್ಳೆ ಬಿಡುವ ಯಂತ್ರ, ದೀಪ. ಎಲ್ಲ ಮುಗಿದ ಮೇಲೆ ಅಂಗಡಿಯವರು ಉದ್ದನೆಯ ಸುರುಳಿಯೊಂದರಿಂದ ಎರಡಡಿ ಕತ್ತರಿಸಿ ಕೊಡುವುದು ಹಿಂಬದಿಗೆ ಅಂಟಿಸುವ ಬಣ್ಣದ ಚಿತ್ರವನ್ನು. ಅದರ ಒಂದು ಮಗ್ಗುಲಲ್ಲಿ ನೀಲಿ ಕಡಲಿನ ಹವಳದ ಬಂಡೆಗಳಿರುತ್ತವೆ, ಇನ್ನೊಂದು ಮಗ್ಗುಲಲ್ಲಿ ಹಸಿರು ಜಲಸಸ್ಯಗಳು. ಯಾವುದು ಬೇಕೋ ಅದನ್ನು ಮುಂದೆ ಮಾಡಿ ಅಂಟಿಸಿಕೊಳ್ಳಬಹುದು.

ಈ ಚಿತ್ರವನ್ನು ಏತಕ್ಕಾಗಿ ಅಂಟಿಸಬೇಕು, ಹೇಗೆ ಅಂಟಿಸಬೇಕು, ಎಂಥದನ್ನು ಅಂಟಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ವಿಷಯ ತೀರ ಸಣ್ಣದೆಂದು ತೋರಬಹುದು. ಆದರೆ ಗೋಡೆಯ ಮೇಲೆ ಪಟವನ್ನು ತೂಗುಹಾಕುವುದಕ್ಕೂ ಇದಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಪಟವನ್ನು ನೋಡುವವರು ನಾವು ಮಾತ್ರ. ತೊಟ್ಟಿಯ ಹಿಂದಿನ ಚಿತ್ರವನ್ನಾದರೋ ಈ ಕಡೆಯಿಂದ ನಾವು ನೋಡುತ್ತೇವೆ, ಒಳಗಿನಿಂದ ಮೀನೂ ನೋಡುತ್ತದೆ. ಬೇಸರವಾದರೆ ನಾವು ಎದ್ದು ಹೋಗಬಲ್ಲೆವು; ಮೀನಿಗೆ ಆ ಸ್ವಾತಂತ್ರ್ಯವಿಲ್ಲ.

ಮೊದಲು ಒಂದು ಮಾತು. ಮೀನನ್ನು ಪಕ್ಕದಿಂದ ನೋಡುವುದೇ ಮನುಷ್ಯನಿಗೆ ಈಚಿನ ಅನುಭವ. ಸಾವಿರಾರು ವರ್ಷ ಅವನು ಮೀನನ್ನು ಮೇಲಿನಿಂದಲೇ ನೋಡಿದವನು. ಹೊಳೆಯ ಕಟ್ಟೆಯ ಮೇಲೆ, ಕಲ್ಯಾಣಿಯ ಮೆಟ್ಟಿಲ ಮೇಲೆ, ಅರಮನೆಯ ಕೊಳದ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಯಾವ ಮೀನು ಎಲ್ಲಿ ವಾಸಿಸುತ್ತದೆ, ಅದಕ್ಕೆ ಯಾವ ಆಹಾರ ಹಿಡಿಸುತ್ತದೆ, ಗಾಳವನ್ನು ಹೇಗೆ ಹಾಕಬೇಕು ಎಂಬುದನ್ನೆಲ್ಲ ಅಲ್ಲಿ ವಿವರಿಸಿದೆ. ಇಷ್ಟು ತಿಳಿದಿದ್ದ ಆ ಕಾಲದ ರಸಿಕರೂ ನೀರಿನೊಳಗಿನ ಮೀನನ್ನು ಕಂಡದ್ದು ದಡದಿಂದಲೇ. ಚೀನದವರು ಚಿನ್ನದ ಮೀನನ್ನು ಪಿಂಗಾಣಿಯ ಪಾತ್ರೆಗಳಲ್ಲಿ ಸಾಕಿದಾಗಲೂ ನೋಟ ಮೇಲಿನದೇ. ಹೆಣ್ಣಿನ ಚಂಚಲವಾದ ಕಣ್ಣನ್ನು ನಮ್ಮ ಕವಿಗಳು ಮೀನಿಗೆ ಹೋಲಿಸಿದರಲ್ಲ, ಅದೂ ದಡದಲ್ಲಿ ನಿಂತು, ಒಮ್ಮೆ ಮಿಂಚಿ ಮರೆಯಾಗುವ ಮೀನನ್ನು ಕಂಡವರಿಗೆ ಹೊಳೆಯಬಹುದಾದ ಹೋಲಿಕೆ.

ಮೇಲಿನಿಂದ ನೋಡುವಾಗ ಹಿನ್ನೆಲೆಯ ಪ್ರಶ್ನೆಯೇ ಹುಟ್ಟುವುದಿಲ್ಲ. ಹೊಳೆಯ ತಳವೇ ಹಿನ್ನೆಲೆ. ಗಾಜಿನ ಗೋಡೆ ಬಂದಾಗ ನೋಟದ ದಿಕ್ಕು ಬದಲಾಯಿತು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಮೀನುಗಳಿಗಾಗಿಯೇ ಒಂದು ಗೃಹವನ್ನು ತೆರೆದರು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿ ‘ಅಕ್ವೇರಿಯಂ’ ಎಂಬ ಹೆಸರನ್ನೇ ಹೊತ್ತ ಪುಸ್ತಕವನ್ನು ಪ್ರಕಟಿಸಿ ಆ ಪದವನ್ನು ಮನೆಮಾತಾಗಿಸಿದನು. ನಮ್ಮ ದೇಶದಲ್ಲಿ ಮುಂಬಯಿಯ ತಾರಾಪೊರೆವಾಲಾ ಮತ್ಸ್ಯಾಲಯ 1951ರಲ್ಲಿ ಆರಂಭವಾಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ಸರ್ಕಾರಿ ಮತ್ಸ್ಯಾಲಯವೊಂದು 1983ರಲ್ಲಿ ತೆರೆಯಿತು. ಮನುಷ್ಯನ ಕಣ್ಣು ಮೀನಿನ ಕಣ್ಣಿನ ಮಟ್ಟಕ್ಕೆ ಇಳಿಯಿತು. ಮೀನಿನ ಹಿಂದೆ ಏನಿದೆ ಎಂಬುದು ಕಾಣತೊಡಗಿದ್ದು ಆಗ. ಬಹಳ ಮನೆಗಳಲ್ಲಿ ಕಂಡದ್ದು ಸುಣ್ಣ ಬಳಿದ ಗೋಡೆ, ವಿದ್ಯುತ್ತಿನ ತಂತಿ, ಗಾಳಿಯ ಕೊಳವೆ.

ಇದು ನಮ್ಮ ಕಡೆಯ ಕಥೆ. ಮೀನಿನ ಕಡೆಯಿಂದ ನೋಡಿದರೆ ಬದಲಾವಣೆ ಇನ್ನೂ ದೊಡ್ಡದು. ಶೃಂಗೇರಿಗೆ ಹೋದವರೆಲ್ಲ ವಿದ್ಯಾಶಂಕರ ದೇವಾಲಯದ ಬಳಿ ತುಂಗೆಯ ಸೋಪಾನಗಳ ಮೇಲೆ ನಿಂತು ಅಲ್ಲಿನ ದೇವರ ಮೀನುಗಳನ್ನು ನೋಡಿದವರೇ. ಅಲ್ಲಿ ಮೀನು ಹಿಡಿಯುವುದು ನಿಷಿದ್ಧ. ಕೆಲವು ಮೀನುಗಳು ತೋಳುದ್ದ ಬೆಳೆದಿರುತ್ತವೆ. ಇಷ್ಟು ದೊಡ್ಡ ಮೀನುಗಳೂ ತುಸು ಆಳಕ್ಕೆ ಸರಿದೊಡನೆ ಕಣ್ಣಿಗೆ ಮಾಯವಾಗುತ್ತವೆ. ಅವುಗಳ ಬೆನ್ನು ಹೊಳೆಯ ಬಂಡೆಯಂತೆ ಕಪ್ಪು, ಹೊಟ್ಟೆ ಬಿಳುಪು. ಮೇಲಿನಿಂದ ನೋಡುವ ಹದ್ದಿಗೆ ಆ ಬೆನ್ನು ತಳದ ಕಪ್ಪಿನಲ್ಲಿ ಬೆರೆಯುತ್ತದೆ. ಕೆಳಗಿನಿಂದ ನೋಡುವ ಶತ್ರುವಿಗೆ ಆ ಹೊಟ್ಟೆ ಆಕಾಶದ ಬೆಳಕಿನಲ್ಲಿ ಬೆರೆಯುತ್ತದೆ. ಪ್ರಾಣಿಗಳ ಮೈಬಣ್ಣದ ಈ ಉಪಾಯವನ್ನು ಅಮೆರಿಕದ ಆಬಟ್ ಥೇಯರ್ 1896ರಲ್ಲಿ ವಿವರಿಸಿದನು. ಆತ ವೃತ್ತಿಯಿಂದ ಚಿತ್ರಕಲಾವಿದ ಎಂಬುದು ಗಮನಾರ್ಹ. ನೆರಳು ಬೆಳಕುಗಳನ್ನು ಬಳಸಿ ವಸ್ತುವನ್ನು ಉಬ್ಬಿಸಿ ತೋರಿಸುವುದು ಚಿತ್ರಗಾರನ ಕೆಲಸ. ಅದೇ ನೆರಳು ಬೆಳಕುಗಳನ್ನು ತಿರುವುಮುರುವು ಮಾಡಿ ವಸ್ತುವನ್ನು ಅಡಗಿಸುವುದು ಪ್ರಕೃತಿಯ ಕೆಲಸವೆಂದು ಆತನಿಗೆ ಹೊಳೆಯಿತು.

ಅಂದಮೇಲೆ ಮೀನಿಗೆ ಹಿನ್ನೆಲೆಯೆಂಬುದು ಅಲಂಕಾರವಲ್ಲ, ಕವಚ. ಅದರ ಮೈ ಒಂದು ನಿರ್ದಿಷ್ಟ ಹಿನ್ನೆಲೆಯನ್ನು ನೆಚ್ಚಿಕೊಂಡೇ ರೂಪುಗೊಂಡಿದೆ. ನಾಲ್ಕು ಕಡೆಯೂ ಬರಿಯ ಗಾಜಿರುವ ತೊಟ್ಟಿಯಲ್ಲಿ ಬಿಟ್ಟಾಗ ಆ ಕವಚವನ್ನು ನಾವು ಕಳಚಿದಂತಾಗುತ್ತದೆ.

ಇದರ ಪರಿಣಾಮವನ್ನು ಬಸರೀಕಟ್ಟೆಯ ಕಡೆಯ ಪರಿಚಿತರ ಮನೆಯೊಂದರಲ್ಲಿ ಕಣ್ಣಾರೆ ಕಂಡಿದ್ದೇನೆ. ಜಗಲಿಯ ಕಿಟಕಿಗೆ ಬೆನ್ನು ಮಾಡಿ ತೊಟ್ಟಿಯನ್ನಿಟ್ಟಿದ್ದರು. ಹಿಂದಿನಿಂದ ಬೆಳಕು, ಅಂಗಳದಲ್ಲಿ ಓಡಾಡುವವರ ನೆರಳು, ಕಿಟಕಿಯ ದಂಡೆಗೆ ಹಾರಿ ಕೂರುವ ಬೆಕ್ಕು. ಆರು ಮೀನುಗಳೂ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಹಾಕಿದ ಆಹಾರ ತಳಕ್ಕಿಳಿದು ಕೊಳೆಯುತ್ತಿತ್ತು. ಮನೆಯ ಹುಡುಗಿ, ಹತ್ತು ಹನ್ನೊಂದು ವರ್ಷದವಳು, ಮೀನಿಗೆ ಜಾಡ್ಯ ಬಂದಿದೆಯೆಂದು ಅಳುತ್ತಿದ್ದಳು. ಔಷಧಿ ತರಿಸಿ ಎರಡು ಬಾರಿ ಹಾಕಿಯೂ ಆಗಿತ್ತು. ನೀರು ನೀಲಿಯಾಯಿತೇ ಹೊರತು ಮೀನು ಚೇತರಿಸಲಿಲ್ಲ. ಒಂದು ಸತ್ತೂ ಹೋಯಿತು. ಕಡೆಗೆ ಹುಡುಗಿಯ ಅಜ್ಜಿ, “ಕೊಟ್ಟಿಗೆಗೆ ಹೊಸ ಕರು ಬಂದರೆ ಗೋಡೆಗೆ ಒತ್ತಿಯೇ ನಿಲ್ತದಲ್ಲ ಮಗಾ, ಇವಕ್ಕೆ ಒತ್ತಿ ನಿಲ್ಲಲಿಕ್ಕೆ ಗೋಡೆಯೇ ಇಲ್ಲ” ಎಂದರು. ನೀರು ಬದಲಾಯಿಸಿ, ಶಾಲೆಯ ಕರಿಯ ಚಾರ್ಟು ಕಾಗದವೊಂದನ್ನು ಹಿಂಬದಿಗೂ ಒಂದು ಪಕ್ಕಕ್ಕೂ ಹಚ್ಚಿದರು. ಮೂರನೆಯ ದಿನ ಉಳಿದ ಐದು ಮೀನುಗಳು ತೊಟ್ಟಿಯ ನಡುವಿಗೆ ಬಂದು ಆಹಾರಕ್ಕೆ ಬಾಯಿ ಹಾಕಿದವು.

ಅಜ್ಜಿಯ ಮಾತಿನಲ್ಲಿ ಶಾಸ್ತ್ರವಿದೆ. ಗಾಜು ಮೀನಿಗೆ ಗೋಡೆಯಾಗಿ ಕಾಣುವುದಿಲ್ಲ. ನೀರಿನೊಳಗಿನ ಬೆಳಕು ಗಾಜನ್ನು ದಾಟಿ ಗಾಳಿಗೆ ಹೊರಡುವಾಗ ನೇರವಾಗಿ ಬಿದ್ದರೆ ಹೊರಬರುತ್ತದೆ. ಸುಮಾರು 48 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಿದ್ದರೆ ಹೊರಹೋಗಲಾರದೆ ಪೂರ್ತಿಯಾಗಿ ಒಳಕ್ಕೆ ತಿರುಗುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. ಆದುದರಿಂದ ಬರಿಯ ಗಾಜು ಒಳಗಿರುವ ಮೀನಿಗೆ ನೇರನೋಟದಲ್ಲಿ ಕಿಟಕಿ, ಓರೆನೋಟದಲ್ಲಿ ಕನ್ನಡಿ. ಒಂದು ಕಡೆ ಬೆಕ್ಕಿನ ನೆರಳು, ಇನ್ನೊಂದು ಕಡೆ ತನ್ನದೇ ಪ್ರತಿಬಿಂಬ. ಜಗಳಗಂಟ ಜಾತಿಯ ಮೀನುಗಳು ಆ ಪ್ರತಿಬಿಂಬವನ್ನು ಪ್ರತಿಸ್ಪರ್ಧಿಯೆಂದು ಭಾವಿಸಿ ಕಾದುವುದುಂಟು. ಒಂದು ಬದಿಯನ್ನಾದರೂ ಮುಚ್ಚಿದರೆ ಅಲ್ಲಿಂದ ಅಪಾಯ ಬರಲಾರದು ಎಂಬ ನೆಮ್ಮದಿ ಅದಕ್ಕೆ ದೊರೆಯುತ್ತದೆ. ಜೊತೆಗೆ ನಮಗೊಂದು ಲಾಭವೂ ಉಂಟು. ಕಿಟಕಿಯ ಬೆಳಕು ತಡೆದರೆ ಪಾಚಿ ಕಟ್ಟುವುದು ಕಡಮೆಯಾಗುತ್ತದೆ.

ಹಿನ್ನೆಲೆಯ ಬಣ್ಣ ಮೀನಿನ ಮೈಯನ್ನೇ ಬದಲಾಯಿಸುತ್ತದೆ ಎಂಬುದು ಇನ್ನೊಂದು ಸೋಜಿಗ. ಅನೇಕ ಮೀನುಗಳ ಚರ್ಮದಲ್ಲಿ ಕರಿಯ ಕಣಗಳನ್ನು ತುಂಬಿಕೊಂಡ ವರ್ಣಕೋಶಗಳಿರುತ್ತವೆ. ಸುತ್ತಲೂ ಕಪ್ಪಿದ್ದರೆ ಆ ಕಣಗಳು ಕೋಶದ ತುಂಬ ಹರಡಿ ಮೈ ಗಾಢವಾಗುತ್ತದೆ; ಬಿಳುಪಿದ್ದರೆ ಕಣಗಳು ನಡುವೆ ಒಟ್ಟಾಗಿ ಮೈ ಪೇಲವವಾಗುತ್ತದೆ. ಮುಂದೆ 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ, ಜೇನಿನ ಭಾಷೆಯನ್ನು ಬಿಡಿಸಿದವನೆಂದು ಪ್ರಸಿದ್ಧನಾದ ಕಾರ್ಲ್ ಫಾನ್ ಫ್ರಿಶ್ 20ನೆಯ ಶತಮಾನದ ಆರಂಭದಲ್ಲಿ ದುಡಿದದ್ದು ಇಂಥ ಸಣ್ಣ ಮೀನುಗಳ ಬಣ್ಣಬದಲಾವಣೆಯ ಮೇಲೆಯೇ. ಮೀನಿಗೆ ಬಣ್ಣಗಳ ಭೇದ ತಿಳಿಯುತ್ತದೆಂದು ತೋರಿಸಿಕೊಟ್ಟವರಲ್ಲಿ ಆತ ಪ್ರಮುಖ. ಮೈಯನ್ನು ಬಿಳಿಚಾಗಿಸುವ ಹಾರ್ಮೋನನ್ನು ಜಪಾನಿನ ಹಿರೋಷಿ ಕವೌಚಿ ಮತ್ತು ಸಂಗಡಿಗರು 1983ರಲ್ಲಿ ಸಾಲ್ಮನ್ ಮೀನಿನ ಪಿಟ್ಯುಟರಿ ಗ್ರಂಥಿಯಿಂದ ಬೇರ್ಪಡಿಸಿದರು. ಅಂಗಡಿಯಲ್ಲಿ ಕಡುಬಣ್ಣವಾಗಿದ್ದ ಮೀನು ಮನೆಗೆ ಬಂದ ಮೇಲೆ ಕಳೆಗುಂದಿತು ಎಂದು ದೂರುವವರು ಒಮ್ಮೆ ತೊಟ್ಟಿಯ ಹಿಂದಿನ ಸುಣ್ಣದ ಗೋಡೆಯನ್ನೂ ತಳದ ಬಿಳಿಯ ಕಲ್ಲುಗಳನ್ನೂ ನೋಡಿಕೊಳ್ಳುವುದು ಒಳಿತು. ನಾವು ಮೀನಿನ ಹಿಂದೆ ಹಚ್ಚುವ ಬಣ್ಣ ಅದರ ಮೈಗೂ ಹತ್ತುತ್ತದೆ.

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಹೇಗೆ ಅಂಟಿಸುವುದು? ಸಾಮಾನ್ಯವಾಗಿ ಚಿತ್ರವನ್ನು ಹಿಂಬದಿಯ ಗಾಜಿಗೆ ಹೊರಗಿನಿಂದ ಆನಿಸಿ ನಾಲ್ಕು ಮೂಲೆಗೆ ಟೇಪು ಹಚ್ಚಿಬಿಡುತ್ತಾರೆ. ಆಗ ಅಂಗಡಿಯಲ್ಲಿ ಕಂಡ ಕಡುನೀಲಿ ಮನೆಯಲ್ಲಿ ಬೂದಿಯಾಗುತ್ತದೆ. ಕಾರಣವನ್ನು ಅರಿಯಲು ಹೊಳೆಯ ಕಲ್ಲನ್ನು ನೆನೆಯಬೇಕು. ತುಂಗೆಯಲ್ಲಿ ನೀರೊಳಗೆ ಕೆಂಪಗೆ, ಕಪ್ಪಗೆ ಹೊಳೆಯುವ ಕಲ್ಲನ್ನು ಮಕ್ಕಳು ಆಸೆಯಿಂದ ಮನೆಗೆ ತರುತ್ತಾರೆ. ಒಣಗಿದ ಮೇಲೆ ಅದು ಬರಿಯ ಕಲ್ಲು. ಕಲ್ಲಿನ ಬಣ್ಣವೆಲ್ಲಿಗೂ ಹೋಗಿಲ್ಲ. ಒಣಗಿದ ಒರಟು ಮೈಯ ಮೇಲೆ ಗಾಳಿ ಕೂತಿದೆ, ಅಲ್ಲಿ ಬೆಳಕು ಚೆದುರಿ ಬಿಳುಪು ಕವಿದಿದೆ. ತೊಟ್ಟಿಯ ಚಿತ್ರಕ್ಕೂ ಇದೇ ಗತಿ. ಗಾಜಿಗೂ ಹಾಳೆಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಗಾಜಿನ ಹಿಂಬದಿಯಲ್ಲಿ ಬೆಳಕಿನ ಒಂದಂಶ ಹಿಂದಿರುಗುತ್ತದೆ, ಹಾಳೆಯ ಮೈಯ ಮೇಲೆ ಇನ್ನೊಂದಂಶ ಚೆದುರುತ್ತದೆ. ಮೀನಿಗೆ ಓರೆನೋಟದ ಕನ್ನಡಿಯೂ ಹಾಗೆಯೇ ಉಳಿಯುತ್ತದೆ. ಅಷ್ಟರಮಟ್ಟಿಗೆ ಚಿತ್ರ ಅಂಟಿಸಿದ್ದೂ ವ್ಯರ್ಥ.

ಹಾಗಾದರೆ ಆ ಗಾಳಿಯನ್ನು ಹೊರದೂಡುವುದೇ ಉಪಾಯ. ಬೆಳಕನ್ನು ಬಗ್ಗಿಸುವ ಶಕ್ತಿಯನ್ನು ವಕ್ರೀಭವನ ಸೂಚಿಯೆಂಬ ಸಂಖ್ಯೆಯಿಂದ ಅಳೆಯುತ್ತಾರೆ. ಗಾಳಿಗೆ ಅದು 1, ನೀರಿಗೆ 1.33, ಗಾಜಿಗೆ ಸುಮಾರು 1.5. ಗ್ಲಿಸರಿನ್ನಿಗೆ 1.47, ಅಡುಗೆಯ ಎಣ್ಣೆಗಳಿಗೂ ಹೆಚ್ಚುಕಡಮೆ ಅಷ್ಟೇ. ಗಾಜಿಗೂ ಗ್ಲಿಸರಿನ್ನಿಗೂ ಸೂಚಿ ಹತ್ತಿರವಾದ್ದರಿಂದ ಅವುಗಳ ನಡುವಿನ ಗಡಿಯನ್ನು ಬೆಳಕು ಗಡಿಯೆಂದೇ ಎಣಿಸದೆ ದಾಟಿಬಿಡುತ್ತದೆ. ಆಗ ಚಿತ್ರ ನೀರೊಳಗಿನ ಕಲ್ಲಿನಂತೆ ತನ್ನ ನಿಜವಾದ ಬಣ್ಣದಲ್ಲಿ ಮೂಡುತ್ತದೆ, ಗಾಜಿನ ಕನ್ನಡಿಗುಣವೂ ಆ ಬದಿಯಲ್ಲಿ ಅಳಿಯುತ್ತದೆ.

ಕ್ರಮ ಹೀಗೆ. ಚಿತ್ರ ಬರಿಯ ಕಾಗದದ್ದಾಗಿರದೆ ಪ್ಲಾಸ್ಟಿಕ್ಕಿನ ಹಾಳೆಯದಾಗಿರಲಿ. ಕಾಗದ ಎಣ್ಣೆ ಹೀರಿ ಕಲೆಗಟ್ಟುತ್ತದೆ. ಹಿಂಬದಿಯ ಗಾಜನ್ನು ಹೊರಗಡೆಯಿಂದ ಚೆನ್ನಾಗಿ ತೊಳೆದು, ನೀರಿನ ಬಿಳಿಯ ಕಲೆಗಳಿದ್ದರೆ ನಿಂಬೆರಸದಿಂದ ಉಜ್ಜಿ, ಒಣಗಲು ಬಿಡಬೇಕು. ಹಾಳೆಯನ್ನು ಗಾಜಿನ ಅಳತೆಗೆ ಸರಿಯಾಗಿ ಕತ್ತರಿಸಬೇಕು. ಔಷಧಿಯಂಗಡಿಯ ಗ್ಲಿಸರಿನ್ನನ್ನು ಬಟ್ಟೆಯಿಂದ ಗಾಜಿನ ಮೇಲೆ ತೆಳ್ಳಗೆ ಸವರಬೇಕು. ಎರಡಡಿ ಉದ್ದ, ಒಂದಡಿ ಎತ್ತರದ ಗಾಜಿಗೆ ಎರಡು ಮೂರು ಚಹದ ಚಮಚ ಸಾಕು. ಹಾಳೆಯ ಮೇಲಂಚನ್ನು ಮೊದಲು ಕೂರಿಸಿ, ನಿಧಾನವಾಗಿ ಕೆಳಕ್ಕಿಳಿಸಿ, ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗುಳ್ಳೆಗಳನ್ನು ಹೊರಡಿಸಬೇಕು. ಅಂಚಿಗೆ ಒಸರಿದ್ದನ್ನು ಒರೆಸಿ ನಾಲ್ಕು ಬದಿಗೂ ಪಾರದರ್ಶಕ ಟೇಪು ಹಚ್ಚಬೇಕು. ಮೇಲಿನ ಅಂಚಿನ ಟೇಪಿನಲ್ಲಿ ಸಂದಿರಬಾರದು. ನೀರು ಹಾಕುವಾಗ ತುಳುಕಿದ್ದು ಅಲ್ಲಿಂದಲೇ ಒಳಗಿಳಿಯುತ್ತದೆ.

ಮಲೆನಾಡಿನವರಿಗೆ ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮನೆಯಲ್ಲಿ ಸುಲಭವಾಗಿ ಸಿಗುವುದು ತೆಂಗಿನೆಣ್ಣೆ. ಅದನ್ನು ಸವರಿದರೆ ಬೇಸಗೆಯಲ್ಲಿ ಚಿತ್ರ ನಿರ್ಮಲವಾಗಿಯೇ ಕಾಣುತ್ತದೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯ ಒಂದು ಬೆಳಗ್ಗೆ ಎದ್ದು ನೋಡಿದರೆ ಹವಳದ ದ್ವೀಪಗಳ ಮೇಲೆಲ್ಲ ಹಿಮ ಬಿದ್ದಂತಿರುತ್ತದೆ. ಎರಡನೆಯದು ಮಳೆಗಾಲದ ತೇವ. ಆಗುಂಬೆಗೆ ದೂರವಲ್ಲದ ಈ ಸೀಮೆಯಲ್ಲಿ ಪುಷ್ಯ ಆಶ್ಲೇಷ ಮಳೆಗಳು ಹಿಡಿದವೆಂದರೆ ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಬರುತ್ತದೆ. ಗಾಜಿಗೂ ಹಾಳೆಗೂ ನಡುವೆ ಸಂದಿ ಉಳಿದಿದ್ದರೆ ಅಲ್ಲಿಯೂ ತೇವ ಸೇರಿ ಕಪ್ಪುಬಿಳಿ ಮಚ್ಚೆಗಳೇಳುತ್ತವೆ. ಗ್ಲಿಸರಿನ್ನಿಗಂತೂ ಗಾಳಿಯ ತೇವವನ್ನು ಹೀರುವ ಸ್ವಭಾವವೇ ಇದೆ. ಆದುದರಿಂದ ಈ ಕೆಲಸವನ್ನು ಮಳೆಗಾಲಕ್ಕೆ ಮುಂಚೆ ಒಣಹವೆಯಲ್ಲಿ ಮಾಡಿ, ಅಂಚುಗಳನ್ನು ಭದ್ರಪಡಿಸುವುದು ಲೇಸು.

ಇನ್ನೊಂದು ಮಾತನ್ನು ಮರೆಯಬಾರದು. ಎಲ್ಲವನ್ನೂ ನೀರು ತುಂಬುವುದಕ್ಕೆ ಮೊದಲೇ ಮುಗಿಸಬೇಕು. 60 ಸೆಂಟಿಮೀಟರು ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ 54 ಲೀಟರು ನೀರು ಹಿಡಿಯುತ್ತದೆ. ನೀರೊಂದೇ 54 ಕಿಲೋ ತೂಗಿತು; ಮರಳೂ ಗಾಜೂ ಸೇರಿದರೆ 50 ಕಿಲೋ ಕಾಫಿ ಮೂಟೆಗಿಂತ ಎಷ್ಟೋ ಭಾರ. ಗೋಡೆಗೆ ಒತ್ತಿಟ್ಟ ಆ ತೊಟ್ಟಿಯನ್ನು ಚಿತ್ರಕ್ಕಾಗಿ ಆಮೇಲೆ ಎಳೆದಾಡಹೋದರೆ ಗಾಜು ಬಿರಿಯುವ ಅಪಾಯವುಂಟು. ಹಿಂದೆ ಕೈ ಆಡುವಷ್ಟು ಜಾಗ ಬಿಟ್ಟೇ ತೊಟ್ಟಿಯನ್ನಿಡಬೇಕು.

ಚಿತ್ರದ ಗೊಡವೆಯೇ ಬೇಡವೆನ್ನುವವರು ಹಿಂಬದಿಯ ಗಾಜಿನ ಹೊರಮೈಗೆ ಕಪ್ಪು ಅಥವಾ ಕಡುನೀಲಿ ಬಣ್ಣವನ್ನು ಬಳಿಯಬಹುದು. ಬಣ್ಣ ಗಾಜಿಗೆ ಹತ್ತಿ ಒಣಗುವುದರಿಂದ ನಡುವೆ ಗಾಳಿಯೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಸುಲಭವೂ ಬಾಳಿಕೆಯದೂ ಆದ ಮಾರ್ಗ ಇದೇ. ಯಾವ ಕಾರಣಕ್ಕೂ ಬಣ್ಣವನ್ನಾಗಲಿ ಹಾಳೆಯನ್ನಾಗಲಿ ಒಳಬದಿಗೆ ಹಚ್ಚಬಾರದು. ಹಾಳೆಯ ಹಿಂದೆ ಸೇರಿದ ನೀರು ಕೊಳೆಯುತ್ತದೆ. ಸಣ್ಣ ಮೀನು ಅಲ್ಲಿ ನುಸುಳಿದರೆ ಹೊರಬರಲಾರದೆ ಸಾಯುತ್ತದೆ.

ಬಂಡೆಯಂತೆ, ಬೇರಿನಂತೆ ಉಬ್ಬುತಗ್ಗುಗಳಿರುವ ಹಿನ್ನೆಲೆಗಳನ್ನು ತೊಟ್ಟಿಯ ಒಳಗೇ ಕೂರಿಸುವುದೂ ಈಗ ರೂಢಿಗೆ ಬಂದಿದೆ. ಇವು ಹೆಚ್ಚಾಗಿ ಥರ್ಮೋಕೋಲಿನಂಥ ಹಗುರ ವಸ್ತುವಿನವು. ಹಗುರವೆಂಬುದೇ ಇಲ್ಲಿ ತೊಡಕು. ನೀರಿನಲ್ಲಿ ಮುಳುಗಿದ ವಸ್ತುವನ್ನು ಅದು ಸ್ಥಳಾಂತರಿಸಿದ ನೀರಿನ ತೂಕದಷ್ಟು ಬಲ ಮೇಲಕ್ಕೆ ತಳ್ಳುತ್ತದೆ. ಐದು ಲೀಟರು ಗಾತ್ರದ ಥರ್ಮೋಕೋಲನ್ನು ಸುಮಾರು ಐದು ಕಿಲೋ ತೂಕದಷ್ಟು ಬಲ ಹಗಲಿರುಳೂ ಎತ್ತುತ್ತಿರುತ್ತದೆ. ಆದುದರಿಂದ ಒಣಗಿದ ತೊಟ್ಟಿಯಲ್ಲಿ, ಒಣಗಿದ ಗಾಜಿನ ಮೇಲೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಹಾಕಿ ಕೂರಿಸಬೇಕು. ಒದ್ದೆ ಗಾಜಿಗೆ ಅದು ಹತ್ತುವುದಿಲ್ಲ. ಅಂಟು ಮೀನಿನ ತೊಟ್ಟಿಗೆಂದೇ ತಯಾರಾದದ್ದಾಗಿರಬೇಕು. ಬಚ್ಚಲಿಗೆ ಬಳಸುವ ಕೆಲವು ಸಿಲಿಕೋನುಗಳಲ್ಲಿ ಬೂಷ್ಟು ತಡೆಯುವ ವಿಷವಿರುತ್ತದೆ, ಅದು ಮೀನಿಗೂ ವಿಷ. ಹುಳಿವಾಸನೆ ಪೂರ್ತಿ ಹೋಗುವವರೆಗೆ, ಕಡಮೆಯೆಂದರೆ ಎರಡು ದಿನ, ನೀರು ತುಂಬಬಾರದು. ಅಂಚುಗಳಲ್ಲಿ ಮೀನು ನುಸುಳುವಷ್ಟು ಸಂದಿ ಉಳಿಯಕೂಡದು. ಸಿಮೆಂಟಿನಿಂದ ಬಂಡೆ ಕಟ್ಟುವವರು ಅದರ ಸುಣ್ಣದ ಅಂಶ ನೀರಿಗಿಳಿಯುವುದೆಂಬುದನ್ನು ತಿಳಿದಿರಬೇಕು. ಮಲೆನಾಡಿನ ಝರಿಯ ನೀರು ಬಹಳ ಮೃದು. ಅಂಥ ನೀರು ಬೇಗ ಕ್ಷಾರಕ್ಕೆ ತಿರುಗುತ್ತದೆ. ವಾರಗಟ್ಟಲೆ ನೆನೆಸಿ, ನೀರು ಬದಲಾಯಿಸಿದ ಮೇಲೆಯೇ ಅದು ಬಳಕೆಗೆ ಯೋಗ್ಯ.

ಮೂರನೆಯ ಪ್ರಶ್ನೆ, ಎಂಥ ಹಿನ್ನೆಲೆ? ಇದು ಭೌತಶಾಸ್ತ್ರದ ಕೈಮೀರಿ ಕಾವ್ಯಶಾಸ್ತ್ರದ ಸೀಮೆಗೆ ಬರುವ ವಿಚಾರ. ಕಾಶ್ಮೀರದ ಕ್ಷೇಮೇಂದ್ರ 11ನೆಯ ಶತಮಾನದಲ್ಲಿ ಔಚಿತ್ಯವೇ ಕಾವ್ಯದ ಜೀವವೆಂದು ವಾದಿಸಿದನು. ಯಾವುದು ಎಲ್ಲಿ ಇರತಕ್ಕದ್ದೋ ಅಲ್ಲಿದ್ದರೆ ಚೆಲುವು. ಸಿಹಿನೀರಿನ ಮೀನಿನ ಹಿಂದೆ ಕಡಲಿನ ಹವಳವನ್ನು ತೂಗಿಬಿಡುವುದು ಔಚಿತ್ಯಭಂಗ. ಆ ಮೀನಿನ ಮುತ್ತಾತನೂ ಹವಳವನ್ನು ಕಂಡವನಲ್ಲ. ನಮ್ಮ ಹಳೆಯ ಮಹಾಕಾವ್ಯಗಳಲ್ಲಿ ಅಷ್ಟಾದಶವರ್ಣನೆಗಳೆಂಬ ಕಟ್ಟಳೆಯಿತ್ತು: ಸಮುದ್ರ, ಪರ್ವತ, ಋತು, ಚಂದ್ರೋದಯ ಇತ್ಯಾದಿ ಹದಿನೆಂಟು. ಪ್ರತಿಭಾವಂತ ಕವಿಯ ಕೈಯಲ್ಲಿ ಆ ವರ್ಣನೆಗಳು ಪಾತ್ರದ ಮನಸ್ಸಿನೊಳಕ್ಕೇ ಬೆಳಕು ಬಿಟ್ಟವು. ಉಳಿದವರ ಕೈಯಲ್ಲಿ ಕಥೆಯಲ್ಲಿ ಸಮುದ್ರವೇ ಇಲ್ಲದಿದ್ದರೂ ಸಮುದ್ರವರ್ಣನೆ ಬಂತು. ಓದುಗನಿಗೆ ಅದು ಅಂಟಿಸಿದ್ದೆಂದು ಕೂಡಲೆ ತಿಳಿಯುತ್ತದೆ. ತೊಟ್ಟಿಯ ಹಿಂದಿನ ಹವಳದ್ವೀಪವೂ ಅಂಥ ಹತ್ತೊಂಬತ್ತನೆಯ ವರ್ಣನೆ.

ರಂಗಭೂಮಿಯೂ ನಮಗೆ ಒಂದು ಪಾಠ ಹೇಳುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿನಾಟಕ ಮಂಡಲಿಗಳು ಬೀದಿ, ಕಾಡು, ದರ್ಬಾರುಗಳ ಬಣ್ಣದ ಪರದೆಗಳಿಂದ ಜನರನ್ನು ಬೆರಗುಗೊಳಿಸಿದವು. ಯಕ್ಷಗಾನದಲ್ಲಾದರೋ ಹಿಂದೆ ಚಿತ್ರದ ಪರದೆಯೇ ಇಲ್ಲ. ಅಲ್ಲಿ ಹಿನ್ನೆಲೆಯ ಕೆಲಸವನ್ನು ಹಿಮ್ಮೇಳ ಮಾಡುತ್ತದೆ. ಭಾಗವತರ ಹಾಡು, ಮದ್ದಳೆ, ಚೆಂಡೆಗಳೇ ಕಾಡನ್ನೂ ಯುದ್ಧಭೂಮಿಯನ್ನೂ ನಿರ್ಮಿಸುತ್ತವೆ. ಕಣ್ಣಿನ ಮುಂದೆ ವೇಷವೊಂದೇ ಉಳಿಯುತ್ತದೆ. ಹಿಂದಿನ ಕತ್ತಲೆ ಕಿರೀಟದ ಹೊಳಪನ್ನು ಇಮ್ಮಡಿಸುತ್ತದೆ. ಕರಿಯ ಹಿನ್ನೆಲೆಯ ಮುಂದೆ ಸುಳಿಯುವ ಮೀನು ಯಕ್ಷಗಾನದ ವೇಷದಂತೆ. ಎರಡು ರೀತಿಗೂ ರಸಿಕರಿದ್ದಾರೆ. ಆದರೆ ಪರದೆ ಪಾತ್ರವನ್ನು ನುಂಗುವಂತಾಗಬಾರದು.

ಚಿತ್ರವೇ ಬೇಕೆಂದರೆ ಅದರಲ್ಲಿನ ಕಲ್ಲು, ಗಿಡಗಳು ತೊಟ್ಟಿಯೊಳಗಿನ ಕಲ್ಲು, ಗಿಡಗಳ ಜಾತಿಯವೇ ಆಗಿರಲಿ, ಗಾತ್ರದಲ್ಲಿ ತುಸು ಚಿಕ್ಕವಾಗಿರಲಿ. ನೀರಿನೊಳಗಿನ ದೂರ ನಮ್ಮ ಕಣ್ಣಿಗೆ ಮುಕ್ಕಾಲು ಪಾಲಾಗಿ ಕುಗ್ಗುತ್ತದೆ. 30 ಸೆಂಟಿಮೀಟರು ಹಿಂದಿರುವ ಚಿತ್ರ ಎದುರು ನಿಂತವರಿಗೆ 22 ಸೆಂಟಿಮೀಟರಿನಲ್ಲಿದ್ದಂತೆ ತೋರುತ್ತದೆ. ಚಿಕ್ಕದಾಗಿ ಬರೆದದ್ದು ಈ ಕುಗ್ಗಿದ ದೂರವನ್ನು ಮತ್ತೆ ಹಿಗ್ಗಿಸುತ್ತದೆ. ಅದರ ಮುಂದೆ ನಾಲ್ಕು ನಿಜವಾದ ಗಿಡಗಳೂ ಒಂದು ಬೇರಿನ ತುಂಡೂ ಇದ್ದರೆ ಚಿತ್ರವೆಲ್ಲಿ ಮುಗಿಯಿತು, ನೀರೆಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಚಿತ್ರ ಅಡಗುತಾಣವಾಗಲಾರದು, ಬೇರು ಆಗಬಲ್ಲುದು.

ಸಹ್ಯಾದ್ರಿಯ ಮೀನೊಂದರ ಕಥೆಯನ್ನು ಇಲ್ಲಿ ಹೇಳಬೇಕು. ಬೆಳ್ಳಿಯ ಮೈಯ ಮೇಲೆ ಕರಿಯ ಗೆರೆ, ಅದರ ಮೇಲೆ ಮೂತಿಯಿಂದ ಹೊರಟ ಕೆಂಪು ಗೆರೆ. ಫ್ರಾನ್ಸಿಸ್ ಡೇ 1865ರಲ್ಲಿ ಇದನ್ನು ವರ್ಣಿಸಿ, ಮದರಾಸಿನ ಗವರ್ನರಾಗಿದ್ದ ಡೆನಿಸನ್ನನ ಹೆಸರಿಟ್ಟನು. 2013ರಲ್ಲಿ ಅದರ ಕುಲಕ್ಕೆ ‘ಸಹ್ಯಾದ್ರಿಯಾ’ ಎಂಬ ಹೊಸ ನಾಮಕರಣವಾಯಿತು. ಕೇರಳದ ಹೊಳೆಗಳಲ್ಲಿಯೂ, ಕನ್ನಡಿಗರು ನೆಲಸಿರುವ ಕಾಸರಗೋಡಿನ ಚಂದ್ರಗಿರಿಯಲ್ಲಿಯೂ, ಬಂಡೆಗಳ ನಡುವೆ ತಿಳಿಯಾಗಿ ಹರಿವ ನೀರಿನಲ್ಲಿ ಗುಂಪುಗೂಡಿ ಬಾಳುವ ಮೀನು ಇದು. ಗಾಜಿನ ತೊಟ್ಟಿಗಳಿಗಾಗಿ ಪ್ರಪಂಚದ ಪೇಟೆಗಳಿಗೆ ಹೊರಟು, ಅತಿಯಾಗಿ ಹಿಡಿದದ್ದರಿಂದಲೇ ಅಪಾಯದಂಚಿಗೆ ಸರಿದ ಜೀವಿಗಳ ಪಟ್ಟಿಗೆ ಸೇರಿತು. ದೂರದೇಶದ ಯಾರದೋ ಮನೆಯಲ್ಲಿ ಈಗ ಅದರ ಬೆನ್ನ ಹಿಂದೆ ಸಹ್ಯಾದ್ರಿಯ ಬಂಡೆಯ ಚಿತ್ರವಿರಬಹುದು. ಬಂಡೆಯ ಬಳಿ ಮೀನಿಲ್ಲ, ಮೀನಿನ ಬಳಿ ಬಂಡೆಯ ಪಟ ಮಾತ್ರ ಎಂಬ ಸ್ಥಿತಿ ಬರಬಾರದು. ಆದುದರಿಂದ ನಮ್ಮ ಹಳ್ಳಕೊಳ್ಳಗಳ ಮೀನನ್ನು ತೊಟ್ಟಿಗಾಗಿ ಹಿಡಿದು ತರುವುದು ಬೇಡ. ಸಾಕಣೆಯಲ್ಲಿ ಹುಟ್ಟಿದ ಮೀನುಗಳು ಸಾಕಷ್ಟು ಸಿಗುತ್ತವೆ. ಹಾಗೆಯೇ ತೊಟ್ಟಿಯ ಮೀನು ಬೇಡವಾದಾಗ ಅದನ್ನು ತುಂಗೆಗೋ ಭದ್ರೆಗೋ ಮನೆಯ ಹಿಂದಿನ ಹಳ್ಳಕ್ಕೋ ಬಿಟ್ಟು ಪುಣ್ಯ ಕಟ್ಟಿಕೊಂಡೆನೆಂದು ಭಾವಿಸುವುದೂ ಬೇಡ. ಹೊರನಾಡಿನ ಮೀನುಗಳು ಹೀಗೆ ಹೊಳೆ ಸೇರಿ, ಹೆಚ್ಚಿ, ಅಲ್ಲಿನ ಮೂಲನಿವಾಸಿಗಳ ಅನ್ನಕ್ಕೂ ಮರಿಗಳಿಗೂ ಕುತ್ತಾಗಿರುವ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇವೆ.

‘ಹಿನ್ನೆಲೆ’ ಎಂಬ ಕನ್ನಡ ಮಾತಿನೊಳಗೆ ‘ನೆಲೆ’ ಅಡಗಿದೆ. ನೆಲೆಯೆಂದರೆ ಆಶ್ರಯ, ಊರಿಕೊಂಡು ನಿಲ್ಲುವ ಜಾಗ. ಹಿಂದಿರುವುದೆಲ್ಲ ಹಿನ್ನೆಲೆಯಲ್ಲ, ಹಿಂದಿದ್ದು ನೆಲೆಯನ್ನು ಕೊಡುವುದು ಹಿನ್ನೆಲೆ. ಈ ಅರ್ಥವನ್ನು ಹಿಡಿದರೆ ತೊಟ್ಟಿಗೆ ಏನನ್ನು ಅಂಟಿಸಬೇಕೆಂಬ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. ಅಂಟಿಸಿದ ಮೇಲೆ ಅದು ಚೆನ್ನಾಗಿದೆಯೇ ಎಂದು ಬಂದ ನೆಂಟರನ್ನು ಕೇಳುವ ಅಗತ್ಯವಿಲ್ಲ. ಮೂರು ದಿನ ಸುಮ್ಮನೆ ಕುಳಿತು ಮೀನನ್ನು ನೋಡಿದರೆ ಸಾಕು. ಅದು ಮೂಲೆಯನ್ನು ಬಿಟ್ಟು ನಡುನೀರಿಗೆ ಬಂತೆಂದರೆ, ರೆಕ್ಕೆಗಳನ್ನು ಬಿಡಿಸಿತೆಂದರೆ, ಕೈ ಚಾಚಿದಾಗ ಓಡದೆ ಆಹಾರಕ್ಕೆ ಮೇಲೇರಿತೆಂದರೆ, ಹಿನ್ನೆಲೆ ಸರಿಯಾಗಿದೆ.